ಸಿಲಿಂಡರ್ ಖಾಲಿಯಾದಾಗ ಗ್ಯಾಸ್ ಹೋಗಿದ್ದೆಲ್ಲಿಗೆ? ತಕ್ಕಡಿ ಹಿಡಿದು ಉತ್ತರ ಹುಡುಕಿದ ಲೆವಾಸಿಯೆ ಅವರ ಬದುಕು

ಹೇಳಿಕೆ: ಸುಟ್ಟ ವಸ್ತು ಇಲ್ಲವಾಗಿಬಿಡುತ್ತದೆ.

ನಿಜಾಂಶ: ಇಲ್ಲವಾಗುವುದಿಲ್ಲ. ರೂಪ ಬದಲಿಸಿ ಬೇರೆ ಕಡೆ ಸೇರುತ್ತದೆ. ಎಲ್ಲವನ್ನೂ ಹಿಡಿದಿಟ್ಟು ತೂಗಿದರೆ ಮೊದಲಿದ್ದ ತೂಕವೇ ಸಿಗುತ್ತದೆ.

ಅಡುಗೆಮನೆಯ ಗ್ಯಾಸ್ ಸಿಲಿಂಡರ್ ಮನೆಗೆ ಬಂದಾಗ ಅದರೊಳಗೆ 14.2 ಕೆಜಿ ಅನಿಲ ಇರುತ್ತದೆ. ತಿಂಗಳೋ ಒಂದೂವರೆ ತಿಂಗಳೋ ಕಳೆದ ಮೇಲೆ ಅದು ಹಗುರಾಗುತ್ತದೆ, ನಾವು ಎತ್ತಿ ಬಾಗಿಲ ಹೊರಗಿಡುತ್ತೇವೆ. ಒಲೆಯ ಕೆಳಗೆ ಬೂದಿ ಬಿದ್ದಿರುವುದಿಲ್ಲ. ಗೋಡೆಗೆ ಮಸಿ ಹತ್ತಿರುವುದಿಲ್ಲ. ಹಾಗಾದರೆ ಆ 14.2 ಕೆಜಿ ಎಲ್ಲಿ ಹೋಯಿತು?

ಉರಿದು ಹೋಯಿತು ಎಂದು ಹೇಳಿ ಸುಮ್ಮನಾಗುತ್ತೇವೆ. ಹೊಲದಲ್ಲಿ ಕಬ್ಬಿನ ರವದಿಗೆ ಬೆಂಕಿ ಹಚ್ಚಿದಾಗಲೂ, ಹಿತ್ತಲಲ್ಲಿ ಪ್ಲಾಸ್ಟಿಕ್ ಚೀಲಗಳನ್ನು ಸುಟ್ಟಾಗಲೂ ಇದೇ ಮಾತು. ಕಣ್ಣಿಗೆ ಕಾಣದಿದ್ದರೆ ಕಸ ಮುಗಿಯಿತು ಎಂದು ನಂಬುತ್ತೇವೆ. ಈ ನಂಬಿಕೆ ತಪ್ಪು. ಕೆಲವೊಮ್ಮೆ ಪ್ರಾಣಕ್ಕೇ ಕುತ್ತು ತರುವಂಥ ತಪ್ಪು. ಹೇಗೆ ಎಂದು ಮುಂದೆ ನೋಡೋಣ.

ಇದೇ ಪ್ರಶ್ನೆಯನ್ನು ಸುಮಾರು 250 ವರ್ಷಗಳ ಹಿಂದೆ ಪ್ಯಾರಿಸ್ ನಗರದ ಒಬ್ಬ ವ್ಯಕ್ತಿ ಕೈಯಲ್ಲಿ ತಕ್ಕಡಿ ಹಿಡಿದು ಕೇಳಿದರು. ಅವರ ಹೆಸರು ಆಂಟ್ವಾನ್ ಲೆವಾಸಿಯೆ. ನಮ್ಮ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದ ಮೊದಲ ಪಾಠ ರಾಸಾಯನಿಕ ಕ್ರಿಯೆಗಳು ಮತ್ತು ಸಮೀಕರಣಗಳು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಶಾಲೆಗಳಲ್ಲಿ ಮಕ್ಕಳು ಸಮೀಕರಣ ಸರಿದೂಗಿಸಲು ಪೆನ್ಸಿಲ್ ಕಚ್ಚುತ್ತಾ ಕೂರುತ್ತಾರಲ್ಲ, ಅದರ ಹಿಂದಿರುವುದು ಇವರು ಗಟ್ಟಿ ಮಾಡಿಕೊಟ್ಟ ನಿಯಮ.

ಇವರ ಬಗ್ಗೆ ವಾಟ್ಸಾಪ್‌ನಲ್ಲಿ ಒಂದು ಫಾರ್ವರ್ಡ್ ಕೂಡ ಓಡಾಡುತ್ತದೆ. ಕತ್ತರಿಸಿದ ತಲೆ ಕಣ್ಣು ಮಿಟುಕಿಸಿತಂತೆ ಎಂಬ ಕಥೆ. ಅದರ ಸತ್ಯಾಸತ್ಯವನ್ನು ಕೊನೆಯಲ್ಲಿ ಪರಿಶೀಲಿಸೋಣ. ಮೊದಲು ಅವರ ಬದುಕು.

ನೀರು ಮಣ್ಣಾಗುತ್ತದೆಯೇ? 101 ದಿನ ಕಾದ ಯುವಕ

ಲೆವಾಸಿಯೆ ಹುಟ್ಟಿದ್ದು 1743ರ ಆಗಸ್ಟ್ 26ರಂದು. ತಂದೆ ವಕೀಲರು, ಅನುಕೂಲಸ್ಥ ಕುಟುಂಬ. ಐದು ವರ್ಷದವರಿದ್ದಾಗಲೇ ತಾಯಿ ತೀರಿಕೊಂಡರು. ಮನೆಯವರ ಇಚ್ಛೆಯಂತೆ ಕಾನೂನು ಓದಿ ಪದವಿ ಪಡೆದರು. ಆದರೆ ಮನಸ್ಸು ಇದ್ದದ್ದು ಕಲ್ಲು, ಖನಿಜ, ನೀರು, ಬೆಂಕಿಯ ಮೇಲೆ.

ಆ ಕಾಲದಲ್ಲಿ ಒಂದು ನಂಬಿಕೆ ಬಲವಾಗಿತ್ತು. ನೀರನ್ನು ಬಹಳ ಕಾಲ ಕುದಿಸಿದರೆ ಅದರ ಒಂದು ಭಾಗ ಮಣ್ಣಾಗುತ್ತದೆ ಎಂದು ವಿದ್ವಾಂಸರೂ ನಂಬಿದ್ದರು. ಪುರಾವೆಯೂ ಇತ್ತು. ಗಾಜಿನ ಪಾತ್ರೆಯಲ್ಲಿ ಶುದ್ಧ ನೀರನ್ನು ದಿನಗಟ್ಟಲೆ ಕಾಯಿಸಿದರೆ ತಳದಲ್ಲಿ ಪುಡಿಯಂಥದ್ದು ಕೂರುತ್ತಿತ್ತು. ಕಣ್ಣಾರೆ ಕಂಡ ಮೇಲೆ ಅನುಮಾನ ಏಕೆ?

ಲೆವಾಸಿಯೆ 1768ರಲ್ಲಿ ಈ ನಂಬಿಕೆಯನ್ನು ತೂಗಿ ನೋಡಲು ಹೊರಟರು. ಆವಿ ಹೊರಗೆ ಹೋಗದೆ ಮತ್ತೆ ನೀರಾಗಿ ಒಳಗೇ ಇಳಿಯುವಂಥ ಗಾಜಿನ ಪಾತ್ರೆ ತೆಗೆದುಕೊಂಡರು. ಖಾಲಿ ಪಾತ್ರೆ ತೂಗಿದರು, ನೀರು ತೂಗಿದರು, ಬಾಯಿ ಮುಚ್ಚಿದರು. ಸಣ್ಣ ಉರಿಯಲ್ಲಿ 101 ದಿನ ಕಾಯಿಸಿದರು. ಪುಡಿ ಬಂತು. ಈಗ ಮತ್ತೆ ತೂಗಿದರು. ಒಟ್ಟು ತೂಕ ಬದಲಾಗಿರಲಿಲ್ಲ. ನೀರಿನ ತೂಕವೂ ಕಡಿಮೆಯಾಗಿರಲಿಲ್ಲ. ಕಡಿಮೆಯಾಗಿದ್ದು ಗಾಜಿನ ಪಾತ್ರೆಯ ತೂಕ. ಆ ಪುಡಿ ನೀರಿನಿಂದ ಬಂದದ್ದಲ್ಲ, ಗಾಜೇ ಸ್ವಲ್ಪ ಕರಗಿ ಬಂದದ್ದು.

ಬಹಳ ಕಾಲದಿಂದ ನಡೆದುಬಂದ ವಾದವನ್ನು ಅವರು ಮುಗಿಸಿದ್ದು ಹೀಗೆ. ಜಗಳವಾಡಲಿಲ್ಲ. ಮೊದಲು ತೂಗಿದರು, ಆಮೇಲೆ ತೂಗಿದರು, ಲೆಕ್ಕ ತಾಳೆ ಹಾಕಿದರು. ಬೈಲಹೊಂಗಲದ ಮಾರುಕಟ್ಟೆಗೆ ಹತ್ತಿ ತಂದ ರೈತರೂ ಇದನ್ನೇ ಮಾಡುತ್ತಾರೆ. ಮನೆಯಲ್ಲಿ ತೂಗಿದ್ದಕ್ಕೂ ಅಡತಿ ಅಂಗಡಿಯಲ್ಲಿ ತೂಗಿದ್ದಕ್ಕೂ ವ್ಯತ್ಯಾಸ ಬಂದರೆ, ಹತ್ತಿ ಮಾಯವಾಯಿತು ಎಂದು ಯಾರೂ ಒಪ್ಪುವುದಿಲ್ಲ. ಎಲ್ಲಿ ಹೋಯಿತು ಎಂದು ಕೇಳುತ್ತಾರೆ.

ತೆರಿಗೆ ಗುತ್ತಿಗೆಯ ಹಣ, ಪ್ರಯೋಗಶಾಲೆಯ ತಕ್ಕಡಿ

ಅದೇ 1768ರಲ್ಲಿ ಎರಡು ಘಟನೆ ನಡೆದವು. 24ನೇ ವಯಸ್ಸಿಗೇ ಅವರು ಫ್ರಾನ್ಸಿನ ವಿಜ್ಞಾನ ಅಕಾಡೆಮಿಯ ಸದಸ್ಯರಾದರು. ಜೊತೆಗೆ, ರಾಜನ ಪರವಾಗಿ ತೆರಿಗೆ ವಸೂಲಿ ಮಾಡುವ ಖಾಸಗಿ ಗುತ್ತಿಗೆ ಕೂಟದಲ್ಲಿ ಪಾಲು ಕೊಂಡರು. ಉಪ್ಪು, ತಂಬಾಕು, ನಗರಕ್ಕೆ ಬರುವ ಸರಕು ಎಲ್ಲದರ ಮೇಲೂ ಈ ಕೂಟ ತೆರಿಗೆ ಎತ್ತುತ್ತಿತ್ತು. ಜನರಿಗೆ ಈ ಗುತ್ತಿಗೆದಾರರನ್ನು ಕಂಡರೆ ಆಗುತ್ತಿರಲಿಲ್ಲ.

ಪ್ರಯೋಗಗಳಿಗೆ ಬೇಕಾದ ದುಬಾರಿ ತಕ್ಕಡಿಗಳು ಬಂದದ್ದು ಈ ಹಣದಿಂದಲೇ. ಕೊನೆಗೆ ಕೊರಳಿಗೆ ಕತ್ತಿ ಬಂದದ್ದೂ ಇದರಿಂದಲೇ.

1771ರಲ್ಲಿ ಸಹ ಗುತ್ತಿಗೆದಾರರೊಬ್ಬರ ಮಗಳು ಮರಿ ಆನ್ ಪೋಲ್ಜ್ ಅವರನ್ನು ಮದುವೆಯಾದರು. ವರನಿಗೆ 28, ವಧುವಿಗೆ 13. ಇಂದು ಅದನ್ನು ಬಾಲ್ಯವಿವಾಹ ಎನ್ನುತ್ತೇವೆ. ಆದರೆ ಮರಿ ಆನ್ ಬೆಳೆಯುತ್ತಾ ಪ್ರಯೋಗಶಾಲೆಯ ಸಮಪಾಲುದಾರರಾದರು. ಇಂಗ್ಲಿಷ್ ಕಲಿತು ಅಲ್ಲಿನ ರಸಾಯನಶಾಸ್ತ್ರದ ಬರಹಗಳನ್ನು ಪತಿಗಾಗಿ ಫ್ರೆಂಚ್‌ಗೆ ತಂದರು. ಚಿತ್ರಕಲೆ ಕಲಿತು ಉಪಕರಣಗಳ ಚಿತ್ರ ಬರೆದರು. ಪ್ರಯೋಗ ನಡೆಯುವಾಗ ತೂಕ, ಅಳತೆಗಳನ್ನು ಬರೆದುಕೊಳ್ಳುತ್ತಿದ್ದವರೂ ಅವರೇ.

ಸುಟ್ಟರೆ ಭಾರ ಹೆಚ್ಚಾಗುವುದು ಹೇಗೆ?

ವಸ್ತು ಉರಿಯುವಾಗ ಅದರೊಳಗಿನ ಫ್ಲೋಜಿಸ್ಟನ್ ಎಂಬ ಪದಾರ್ಥ ಹೊರಗೆ ಹೋಗುತ್ತದೆ ಎಂಬುದು ಆಗಿನ ಸಿದ್ಧಾಂತ. ಕಟ್ಟಿಗೆ ಸುಟ್ಟರೆ ಹಿಡಿ ಬೂದಿ ಉಳಿಯುತ್ತದೆ, ಆದ್ದರಿಂದ ಏನೋ ಹೊರಗೆ ಹೋಗಿರಲೇಬೇಕು ಎಂದು ಎಲ್ಲರೂ ಒಪ್ಪಿದ್ದರು.

1772ರಲ್ಲಿ ಲೆವಾಸಿಯೆ ಗಂಧಕ ಮತ್ತು ರಂಜಕವನ್ನು ಸುಟ್ಟು ತೂಗಿದರು. ತೂಕ ಹೆಚ್ಚಾಗಿತ್ತು! ಏನೋ ಹೊರಗೆ ಹೋಗಿದ್ದರೆ ಹೆಚ್ಚಾಗುವುದು ಹೇಗೆ? ಈ ವಿಷಯ ಬರೆದು, ಲಕೋಟೆಗೆ ಮೊಹರು ಹಾಕಿ ಅಕಾಡೆಮಿಗೆ ಒಪ್ಪಿಸಿದರು. ಬೇರೆಯವರು ತಮಗಿಂತ ಮೊದಲು ಹೇಳಿಬಿಟ್ಟಾರು ಎಂಬ ಎಚ್ಚರಿಕೆ ಅದು.

ನಂತರ ತವರದ ಪ್ರಯೋಗ. ತವರವನ್ನು ಗಾಜಿನ ಪಾತ್ರೆಯಲ್ಲಿಟ್ಟು, ಬಾಯಿ ಪೂರ್ತಿ ಮುಚ್ಚಿ ಕಾಯಿಸಿದರು. ಲೋಹದ ಮೇಲೆ ಬೂದಿಯಂಥ ಪದರ ಬಂತು. ಮುಚ್ಚಿದ ಪಾತ್ರೆಯನ್ನು ಹಾಗೆಯೇ ತೂಗಿದರೆ ತೂಕ ಬದಲಾಗಿರಲಿಲ್ಲ. ಬಾಯಿ ತೆರೆದಾಗ ಹೊರಗಿನ ಗಾಳಿ ಸುಯ್ಯೆಂದು ಒಳಗೆ ನುಗ್ಗಿತು. ಆಗ ತೂಕ ಹೆಚ್ಚಾಯಿತು. ಅಂದರೆ, ಒಳಗಿದ್ದ ಗಾಳಿಯ ಒಂದು ಭಾಗ ತವರಕ್ಕೆ ಅಂಟಿಕೊಂಡಿತ್ತು. ಆ ಜಾಗ ತುಂಬಲು ಹೊಸ ಗಾಳಿ ಬಂತು.

ನಮ್ಮ ಕಣ್ಣೆದುರಿನ ಉದಾಹರಣೆ ಸುಣ್ಣ. ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಟ್ಟರೆ ಅದು ಹಗುರಾಗುತ್ತದೆ. ಶುದ್ಧ ಕಲ್ಲು 100 ಕೆಜಿ ಇದ್ದರೆ ಸುಟ್ಟ ಸುಣ್ಣ 56 ಕೆಜಿ ಸಿಗುತ್ತದೆ. ಉಳಿದ 44 ಕೆಜಿ ಕಾರ್ಬನ್ ಡೈಆಕ್ಸೈಡ್ ಅನಿಲವಾಗಿ ಗಾಳಿ ಸೇರುತ್ತದೆ. ನೇಗಿಲ ಕುಳಕ್ಕೆ ತುಕ್ಕು ಹಿಡಿದರೆ ಇದಕ್ಕೆ ವಿರುದ್ಧ, ತುಕ್ಕಿನ ತೂಕ ಕಬ್ಬಿಣಕ್ಕಿಂತ ಹೆಚ್ಚು. ಮೊದಲನೆಯದರಲ್ಲಿ ಅನಿಲ ಹೊರಗೆ ಹೋಯಿತು, ಎರಡನೆಯದರಲ್ಲಿ ಅನಿಲ ಮತ್ತು ತೇವ ಒಳಗೆ ಬಂದವು. ಹಿಂದಿನವರು ಎಡವಿದ್ದು ಇಲ್ಲೇ. ಅವರು ಗಾಳಿಯನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ಆಕ್ಸಿಜನ್ ಕಂಡುಹಿಡಿದದ್ದು ಲೆವಾಸಿಯೆಯೇ?

ಕ್ವಿಜ್ ಫಾರ್ವರ್ಡ್‌ಗಳಲ್ಲಿ ಹೌದು ಎಂದು ಬರುತ್ತದೆ. ಪೂರ್ತಿ ಸರಿಯಲ್ಲ. ಈ ಅನಿಲವನ್ನು ಮೊದಲು ಪ್ರತ್ಯೇಕಿಸಿದವರು ಸ್ವೀಡನ್ನಿನ ಶೀಲೆ ಮತ್ತು ಇಂಗ್ಲೆಂಡಿನ ಪ್ರೀಸ್ಟ್ಲಿ. ಇಬ್ಬರೂ ಬೇರೆಬೇರೆಯಾಗಿ ಕೆಲಸ ಮಾಡಿದ್ದರು. 1774ರ ಅಕ್ಟೋಬರಿನಲ್ಲಿ ಪ್ರೀಸ್ಟ್ಲಿ ಪ್ಯಾರಿಸ್‌ಗೆ ಬಂದಾಗ ಲೆವಾಸಿಯೆ ಮನೆಯಲ್ಲಿ ಊಟಕ್ಕೆ ಕೂತು, ತಾವು ಕಂಡ ಹೊಸ ಗಾಳಿಯ ವಿಷಯ ಹೇಳಿದರು. ಅದರಲ್ಲಿ ದೀಪ ಇನ್ನೂ ಚೆನ್ನಾಗಿ ಉರಿಯುತ್ತಿತ್ತು.

ಪ್ರೀಸ್ಟ್ಲಿ ಹಳೆಯ ಫ್ಲೋಜಿಸ್ಟನ್ ನಂಬಿಕೆಯನ್ನು ಬಿಡಲಿಲ್ಲ. ಲೆವಾಸಿಯೆ ತಕ್ಕಡಿ ತೆಗೆದರು. ಮುಚ್ಚಿದ ಗಾಳಿಯಲ್ಲಿ ಪಾದರಸವನ್ನು 12 ದಿನ ಕಾಯಿಸಿದರು. ಮೇಲೆ ಕೆಂಪು ಪುಡಿ ಬಂತು, ಗಾಳಿ ಸುಮಾರು ಆರನೇ ಒಂದು ಭಾಗ ಕಡಿಮೆಯಾಯಿತು. ಆ ಕೆಂಪು ಪುಡಿಯನ್ನು ಬೇರೆ ಮಾಡಿ ಇನ್ನೂ ಜೋರಾಗಿ ಕಾಯಿಸಿದರೆ ಪಾದರಸ ಮರಳಿ ಬಂತು, ಜೊತೆಗೆ ಕಳೆದುಹೋದಷ್ಟೇ ಅನಿಲವೂ ಸಿಕ್ಕಿತು. ಆ ಅನಿಲಕ್ಕೆ ಅವರು ಆಕ್ಸಿಜನ್ ಎಂದು ಹೆಸರಿಟ್ಟರು. ಕಂಡದ್ದು ಇತರರು, ಕಂಡದ್ದರ ಅರ್ಥ ತಿಳಿಸಿದ್ದು ಇವರು. ಊಟಕ್ಕೆ ಬಂದ ಅತಿಥಿಗೆ ಸಲ್ಲಬೇಕಾದ ಮನ್ನಣೆಯನ್ನು ಲೆವಾಸಿಯೆ ಸರಿಯಾಗಿ ಕೊಡಲಿಲ್ಲ ಎಂಬ ದೂರು ಇಂದಿಗೂ ಇದೆ. ಅದರಲ್ಲಿ ಹುರುಳಿದೆ.

ಪ್ಯಾರಿಸ್‌ನ ಮದ್ದು, ಕಿತ್ತೂರಿನ ಮದ್ದು

1775ರಲ್ಲಿ ಸರ್ಕಾರ ಲೆವಾಸಿಯೆ ಅವರನ್ನು ಮದ್ದುಪುಡಿ ತಯಾರಿಕೆಯ ಆಡಳಿತಕ್ಕೆ ನೇಮಿಸಿತು. ಇದರ ಹಿಂದೆ ಭಾರತದ ನಂಟಿದೆ. ಮದ್ದುಪುಡಿಗೆ ಬೇಕಾದ ಸಾಲ್ಟ್‌ಪೀಟರ್ ಎಂಬ ಲವಣ ಯುರೋಪಿಗೆ ಹೆಚ್ಚಾಗಿ ಹೋಗುತ್ತಿದ್ದದ್ದು ಬಿಹಾರ, ಬಂಗಾಳದಿಂದ. 1763ಕ್ಕೆ ಮುಗಿದ ಏಳು ವರ್ಷಗಳ ಯುದ್ಧದಲ್ಲಿ ಫ್ರಾನ್ಸ್ ಸೋತಿತು, ಆ ವ್ಯಾಪಾರ ಬ್ರಿಟಿಷರ ಕೈ ಸೇರಿತು. ಫ್ರಾನ್ಸ್ ತನ್ನ ನೆಲದಲ್ಲೇ ಸಾಲ್ಟ್‌ಪೀಟರ್ ತಯಾರಿಸಬೇಕಾಯಿತು. ಲೆವಾಸಿಯೆ ಅದರ ಗುಣಮಟ್ಟವನ್ನೂ ಪ್ರಮಾಣವನ್ನೂ ಹೆಚ್ಚಿಸಿದರು. ಆಯುಧಾಗಾರದಲ್ಲೇ ಮನೆ ಸಿಕ್ಕಿತು, ಅಲ್ಲೇ ದೊಡ್ಡ ಪ್ರಯೋಗಶಾಲೆ ಕಟ್ಟಿದರು.

ಮದ್ದು ಎಂದರೆ ನಮ್ಮ ಭಾಗದವರಿಗೆ ಕಿತ್ತೂರು ನೆನಪಾಗದೆ ಇರದು. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಸೇನೆ ಧಾರವಾಡದ ಕಲೆಕ್ಟರ್ ಥ್ಯಾಕರೆಯನ್ನು ಕೊಂದು ಗೆದ್ದಿತು. ಡಿಸೆಂಬರಿನಲ್ಲಿ ಕಂಪನಿಯ ದೊಡ್ಡ ಪಡೆ ಬಂದು ಕೋಟೆ ಹಿಡಿಯಿತು. ರಾಣಿ ಚನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಲ್ಲಿದ್ದು 1829ರಲ್ಲಿ ತೀರಿಕೊಂಡರು. ದ್ರೋಹಿಗಳು ಕೋಟೆಯ ಮದ್ದಿನಲ್ಲಿ ಬೇರೇನೋ ಬೆರೆಸಿದ್ದರಿಂದ ತೋಪುಗಳು ಸಿಡಿಯಲಿಲ್ಲ ಎಂಬ ಕಥೆಯನ್ನು ನಾವೆಲ್ಲ ಕೇಳಿಯೇ ಬೆಳೆದಿದ್ದೇವೆ. ಅದು ಜನರ ಬಾಯಲ್ಲಿ ಉಳಿದ ಕಥೆ. ರಸಾಯನಶಾಸ್ತ್ರ ಹೇಳಬಲ್ಲದ್ದು ಇಷ್ಟು: ಅಂಥ ಬೆರಕೆ ಮದ್ದನ್ನು ನಿಜಕ್ಕೂ ಕೆಡಿಸುತ್ತದೆ. ಇದ್ದಿಲು ಮತ್ತು ಗಂಧಕ ಕ್ಷಣದಲ್ಲಿ ಉರಿಯಲು ಬೇಕಾದ ಆಕ್ಸಿಜನ್ ಸಾಲ್ಟ್‌ಪೀಟರ್‌ನಿಂದ ಬರುತ್ತದೆ. ಮೂರರ ಪ್ರಮಾಣ ಕೆಟ್ಟರೆ, ತೇವ ಸೇರಿದರೆ, ಮದ್ದು ಬುಸುಗುಟ್ಟೀತೇ ಹೊರತು ಸಿಡಿಯದು. ಯಾವುದು ಎಷ್ಟು ಬೇಕು ಎಂಬುದೇ ಸಮೀಕರಣದ ಪ್ರಶ್ನೆ.

ನೀರಿನಿಂದ ಮೊದಲ ಪಾಠ

1783ರ ಜೂನ್‌ನಲ್ಲಿ ಲೆವಾಸಿಯೆ, ಗಣಿತಜ್ಞ ಲಾಪ್ಲಾಸ್ ಜೊತೆ ಸೇರಿ ಹೈಡ್ರೋಜನ್ ಮತ್ತು ಆಕ್ಸಿಜನ್ ಅನಿಲಗಳನ್ನು ಮುಚ್ಚಿದ ಪಾತ್ರೆಯಲ್ಲಿ ಉರಿಸಿದರು. ಸಿಕ್ಕಿದ್ದು ಶುದ್ಧ ನೀರು. ಇಂಗ್ಲೆಂಡಿನ ಕ್ಯಾವೆಂಡಿಶ್ ಇದನ್ನು ಮೊದಲೇ ಕಂಡಿದ್ದರು. ಆದರೆ ನೀರು ಮೂಲವಸ್ತುವಲ್ಲ, ಎರಡು ಅನಿಲಗಳು ಸೇರಿ ಆದದ್ದು ಎಂದು ಬಿಡಿಸಿ ಹೇಳಿದವರು ಲೆವಾಸಿಯೆ. ಮುಂದೆ ನೀರನ್ನು ಒಡೆದೂ ತೋರಿಸಿದರು.

ಇದನ್ನೇ ಇಂದಿನ ರೀತಿಯಲ್ಲಿ ಬರೆಯೋಣ. ಹೈಡ್ರೋಜನ್‌ಗೆ ಎಚ್, ಆಕ್ಸಿಜನ್‌ಗೆ ಒ, ಕಾರ್ಬನ್‌ಗೆ ಸಿ ಎಂಬ ಗುರುತು. ಗುರುತಿನ ಕೆಳಗಿನ ಸಣ್ಣ ಅಂಕಿ ಒಂದು ಅಣುವಿನಲ್ಲಿ ಆ ಪರಮಾಣು ಎಷ್ಟಿವೆ ಎಂದು ಹೇಳುತ್ತದೆ.

ಎಚ್₂ + ಒ₂ → ಎಚ್₂ಒ

ಬಾಣದ ಎಡಗಡೆ ಇರುವುದು ಪ್ರತಿವರ್ತಕಗಳು, ಬಲಗಡೆ ಇರುವುದು ಉತ್ಪನ್ನ. ಎಣಿಸಿ ನೋಡಿ. ಎಡಕ್ಕೆ ಆಕ್ಸಿಜನ್ 2, ಬಲಕ್ಕೆ 1. ಒಂದು ಆಕ್ಸಿಜನ್ ಕಳೆದುಹೋಯಿತೇ? ಕಳೆದುಹೋಗಲು ಸಾಧ್ಯವಿಲ್ಲ ಎಂದು ಲೆವಾಸಿಯೆ ತೂಗಿ ತೋರಿಸಿದ್ದಾರೆ. ಆದ್ದರಿಂದ ನಾವು ಬರೆದದ್ದೇ ಅಪೂರ್ಣ. ನೀರಿನ ಮುಂದೆ 2 ಹಾಕಿದರೆ ಆಕ್ಸಿಜನ್ ಸರಿಹೋಗುತ್ತದೆ. ಆದರೆ ಬಲಕ್ಕೆ ಹೈಡ್ರೋಜನ್ 4 ಆಯಿತು. ಎಡಕ್ಕೂ 4 ಬೇಕು, ಹೈಡ್ರೋಜನ್ ಮುಂದೆ 2 ಹಾಕಿ.

2ಎಚ್₂ + ಒ₂ → 2ಎಚ್₂ಒ

ಈಗ ತಕ್ಕಡಿ ಸಮ. ಇದೇ ಸರಿದೂಗಿಸುವುದು.

ಮಕ್ಕಳು ಮಾಡುವ ದೊಡ್ಡ ತಪ್ಪು ಒಂದಿದೆ. ಮುಂದೆ ಅಂಕಿ ಹಾಕುವ ಬದಲು ಸಣ್ಣ ಅಂಕಿಯನ್ನೇ ತಿದ್ದಿ ಎಚ್₂ಒ₂ ಎಂದು ಬರೆದುಬಿಡುತ್ತಾರೆ. ಲೆಕ್ಕ ಸರಿ ಕಾಣುತ್ತದೆ, ಆದರೆ ವಸ್ತುವೇ ಬದಲಾಯಿತು. ಎಚ್₂ಒ₂ ಎಂದರೆ ಹೈಡ್ರೋಜನ್ ಪೆರಾಕ್ಸೈಡ್, ಗಾಯಕ್ಕೆ ಹಾಕಿದರೆ ನೊರೆ ಬರುವ ದ್ರವ. ಕುಡಿಯುವ ನೀರಲ್ಲ. ಮುಂದಿನ ಅಂಕಿ ಎಂದರೆ ಚೀಲಗಳ ಸಂಖ್ಯೆ. ಕೆಳಗಿನ ಸಣ್ಣ ಅಂಕಿ ಚೀಲದೊಳಗಿನ ಮಾಲು. ಚೀಲ ಎಷ್ಟು ಬೇಕಾದರೂ ತನ್ನಿ, ಒಳಗಿನ ಮಾಲು ಮುಟ್ಟಬೇಡಿ.

ಸಮೀಕರಣ ಬರೆಯುವ ಪದ್ಧತಿ ಯಾರದು?

ಇಂದಿನ ಈ ಅಕ್ಷರ ಗುರುತುಗಳು ಲೆವಾಸಿಯೆ ಅವರವಲ್ಲ. ಸ್ವೀಡನ್ನಿನ ಬರ್ಜೀಲಿಯಸ್ 1813ರ ಹೊತ್ತಿಗೆ ತಂದವು. ಆಗ ಲೆವಾಸಿಯೆ ತೀರಿಕೊಂಡು ಸುಮಾರು ಎರಡು ದಶಕ ಕಳೆದಿತ್ತು. ಅವರು ಕೊಟ್ಟದ್ದು ಅದರ ಕೆಳಗಿನ ಅಡಿಪಾಯ.

1787ರಲ್ಲಿ ಮೂವರು ಗೆಳೆಯರೊಂದಿಗೆ ಸೇರಿ ವಸ್ತುಗಳಿಗೆ ಹೊಸ ಹೆಸರಿಡುವ ಪದ್ಧತಿ ಪ್ರಕಟಿಸಿದರು. ಹೆಸರು ಕೇಳಿದರೆ ಒಳಗೆ ಏನಿದೆ ಎಂದು ತಿಳಿಯಬೇಕು ಎಂಬುದು ಅವರ ಆಲೋಚನೆ. 1789ರಲ್ಲಿ ಅವರ ರಸಾಯನಶಾಸ್ತ್ರದ ಪಠ್ಯಪುಸ್ತಕ ಹೊರಬಂತು. ಅದರ 13 ಚಿತ್ರಪಟಗಳನ್ನು ಬರೆದವರು ಮರಿ ಆನ್. ದ್ರಾಕ್ಷಿರಸ ಹುಳಿತು ಮದ್ಯವಾಗುವುದನ್ನು ವಿವರಿಸುವಾಗ ಆ ಪುಸ್ತಕದಲ್ಲಿ ರಸವನ್ನು ಒಂದು ಕಡೆ, ಹುಟ್ಟಿದ ಅನಿಲ ಮತ್ತು ಮದ್ಯಸಾರವನ್ನು ಇನ್ನೊಂದು ಕಡೆ ಇಟ್ಟು, ನಡುವೆ ಸಮ ಎಂದು ಲೆಕ್ಕ ಬರೆದರು. ಕ್ರಿಯೆಗೆ ಮೊದಲು ಇದ್ದಷ್ಟೇ ವಸ್ತು ನಂತರವೂ ಇರುತ್ತದೆ ಎಂಬ ನಿಯಮವನ್ನು ಅಲ್ಲೇ ಸ್ಪಷ್ಟವಾಗಿ ಇಟ್ಟರು. ನಾವು ಅದನ್ನು ರಾಶಿ ಸಂರಕ್ಷಣಾ ನಿಯಮ ಎನ್ನುತ್ತೇವೆ.

ತಪ್ಪುಗಳೂ ಇದ್ದವು. ಅವರ 33 ಮೂಲವಸ್ತುಗಳ ಪಟ್ಟಿಯಲ್ಲಿ ಬೆಳಕು ಮತ್ತು ಶಾಖ ಕೂಡ ಇದ್ದವು. ಎಲ್ಲ ಆಮ್ಲಗಳಲ್ಲೂ ಆಕ್ಸಿಜನ್ ಇರುತ್ತದೆ ಎಂದು ನಂಬಿದ್ದರು. ಅದೂ ತಪ್ಪೆಂದು ಮುಂದೆ ಗೊತ್ತಾಯಿತು.

ಈಗ ನಿಮ್ಮ ಸಿಲಿಂಡರ್ ಲೆಕ್ಕ

ಅಡುಗೆ ಅನಿಲದಲ್ಲಿ ಮುಖ್ಯವಾಗಿ ಇರುವುದು ಪ್ರೋಪೇನ್ ಮತ್ತು ಬ್ಯುಟೇನ್. ಸುಲಭವಾಗಲಿ ಎಂದು ಪ್ರೋಪೇನ್ ಒಂದನ್ನೇ ತೆಗೆದುಕೊಳ್ಳೋಣ. ಅದರ ಗುರುತು ಸಿ₃ಎಚ್₈.

ಸಿ₃ಎಚ್₈ + ಒ₂ → ಸಿಒ₂ + ಎಚ್₂ಒ

ಮೊದಲು ಕಾರ್ಬನ್ ನೋಡಿ. ಎಡಕ್ಕೆ 3 ಇದೆ, ಬಲಕ್ಕೆ ಸಿಒ₂ ಮುಂದೆ 3 ಹಾಕಿ. ಮುಂದೆ ಹೈಡ್ರೋಜನ್. ಎಡಕ್ಕೆ 8 ಇದೆ, ಒಂದೊಂದು ನೀರಿನ ಅಣುವಿನಲ್ಲಿ 2, ಆದ್ದರಿಂದ ನೀರಿನ ಮುಂದೆ 4. ಆಕ್ಸಿಜನ್ ಕೊನೆಗೆ ಇರಲಿ. ಬಲಕ್ಕೆ ಈಗ 6 ಮತ್ತು 4, ಒಟ್ಟು 10. ಎಡಕ್ಕೆ ಒ₂ ಮುಂದೆ 5 ಹಾಕಿದರೆ 10 ಆಯಿತು.

ಸಿ₃ಎಚ್₈ + 5ಒ₂ → 3ಸಿಒ₂ + 4ಎಚ್₂ಒ

ಇನ್ನು ತೂಕ. ಕಾರ್ಬನ್ 12, ಹೈಡ್ರೋಜನ್ 1, ಆಕ್ಸಿಜನ್ 16 ಎಂದು ಹಿಡಿದರೆ 44 ಗ್ರಾಂ ಪ್ರೋಪೇನ್ ಉರಿಯಲು 160 ಗ್ರಾಂ ಆಕ್ಸಿಜನ್ ಬೇಕು. ಹುಟ್ಟುವುದು 132 ಗ್ರಾಂ ಕಾರ್ಬನ್ ಡೈಆಕ್ಸೈಡ್, 72 ಗ್ರಾಂ ನೀರು. ಎಡಕ್ಕೆ 204, ಬಲಕ್ಕೂ 204.

ಇದೇ ಲೆಕ್ಕದಲ್ಲಿ 14.2 ಕೆಜಿ ಅನಿಲ ಗಾಳಿಯಿಂದ ಸುಮಾರು 52 ಕೆಜಿ ಆಕ್ಸಿಜನ್ ಎಳೆದುಕೊಳ್ಳುತ್ತದೆ. ಸುಮಾರು 43 ಕೆಜಿ ಕಾರ್ಬನ್ ಡೈಆಕ್ಸೈಡ್ ಮತ್ತು 23 ಕೆಜಿ ನೀರಾವಿ ಕೊಡುತ್ತದೆ. ಅಂದರೆ ಒಂದು ಸಿಲಿಂಡರ್ ಮುಗಿಯುವಷ್ಟರಲ್ಲಿ ನಿಮ್ಮ ಒಲೆ ಒಂದು ದೊಡ್ಡ ಕೊಡಕ್ಕೂ ಹೆಚ್ಚು ನೀರನ್ನು ಆವಿಯಾಗಿ ಹೊರಬಿಟ್ಟಿರುತ್ತದೆ. ಗ್ಯಾಸ್ ಮಾಯವಾಗಲಿಲ್ಲ. ಗಾಳಿಯ ಜೊತೆ ಸೇರಿ ನಾಲ್ಕೂವರೆ ಪಟ್ಟು ತೂಕವಾಗಿ ಕಿಟಕಿಯಿಂದ ಹೊರಗೆ ಹೋಯಿತು.

ಕಿಟಕಿ ಮುಚ್ಚಿದ್ದರೆ?

ಲೆವಾಸಿಯೆ ಮತ್ತು ಲಾಪ್ಲಾಸ್ ಒಂದು ಗಿನಿಪಿಗ್ ಅನ್ನು ಮಂಜುಗಡ್ಡೆಯಿಂದ ಸುತ್ತುವರಿದ ಪಾತ್ರೆಯಲ್ಲಿಟ್ಟು, ಅದರ ಮೈ ಶಾಖಕ್ಕೆ ಎಷ್ಟು ಮಂಜು ಕರಗುತ್ತದೆ ಎಂದು ಅಳೆದರು. ಅದು ಬಿಡುವ ಉಸಿರನ್ನೂ ಅಳೆದರು. ಇದ್ದಿಲು ಉರಿಯುವುದಕ್ಕೂ ನಾವು ಉಸಿರಾಡುವುದಕ್ಕೂ ಹೋಲಿಕೆ ಇದೆ ಎಂದು ತೋರಿಸಿದರು. ಎರಡಕ್ಕೂ ಬೇಕಾದದ್ದು ಆಕ್ಸಿಜನ್, ಎರಡರಿಂದಲೂ ಬರುವುದು ಕಾರ್ಬನ್ ಡೈಆಕ್ಸೈಡ್. ಅಂದರೆ ಮುಚ್ಚಿದ ಕೋಣೆಯಲ್ಲಿ ಕೆಂಡವೂ ನೀವೂ ಒಂದೇ ಗಾಳಿಗೆ ಪೈಪೋಟಿಗೆ ಬಿದ್ದಿರುತ್ತೀರಿ.

ಗಾಳಿ ಸಾಕಷ್ಟಿದ್ದರೆ ಇದ್ದಿಲು ಹೀಗೆ ಉರಿಯುತ್ತದೆ:

ಸಿ + ಒ₂ → ಸಿಒ₂

ಗಾಳಿ ಸಾಲದಿದ್ದರೆ ಹೀಗೆ:

2ಸಿ + ಒ₂ → 2ಸಿಒ

ಎರಡೂ ಸರಿದೂಗಿವೆ. ವ್ಯತ್ಯಾಸ ಒಂದು ಸಣ್ಣ ಅಂಕಿಯದು. ಆದರೆ ಸಿಒ ಎಂದರೆ ಕಾರ್ಬನ್ ಮೊನಾಕ್ಸೈಡ್, ವಿಷಾನಿಲ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಕ್ಸಿಜನ್‌ಗಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆಯಿಂದ ಶುರುವಾಗಿ ಪ್ರಜ್ಞೆ ತಪ್ಪುತ್ತದೆ. ಮಲಗಿದ್ದವರಿಗೆ ಎಚ್ಚರವೇ ಆಗದಿರಬಹುದು.

ಹೊಗೆ ಇಲ್ಲದ ಕೆಂಡ ಅಪಾಯವಲ್ಲ ಎಂಬ ನಂಬಿಕೆ ನಮ್ಮಲ್ಲಿ ಇದೆ. ಇದು ಸುಳ್ಳು. ಬನದ ಹುಣ್ಣಿಮೆ, ಭರತ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋದವರು ಬಯಲಲ್ಲಿ ಮೂರು ಕಲ್ಲಿಟ್ಟು ಅಡುಗೆ ಮಾಡಿದರೆ ಗಾಳಿ ಧಾರಾಳವಾಗಿ ಸಿಗುತ್ತದೆ. ಆದರೆ ರಾತ್ರಿ ಚಳಿ ಎಂದು ಅದೇ ಕೆಂಡವನ್ನು ಬುಟ್ಟಿಯಲ್ಲಿ ತುಂಬಿ ತಾಡಪತ್ರಿ ಇಳಿಬಿಟ್ಟ ಟ್ರ್ಯಾಕ್ಟರ್ ಟ್ರೇಲರ್ ಒಳಗೆ ಇಟ್ಟುಕೊಂಡರೆ ಸಮೀಕರಣ ಬದಲಾಗುತ್ತದೆ. ಬಾಣಂತಿ ಕೋಣೆಯ ಬಾಗಿಲು, ಕಿಟಕಿ ಹಾಕಿ ಅಗ್ಗಿಷ್ಟಿಕೆ ಇಡುವುದೂ, ಗಾಳಿಕಿಂಡಿ ಇಲ್ಲದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಹಚ್ಚುವುದೂ ಇದೇ ಅಪಾಯ.

ಏನು ಮಾಡಬೇಕು? ಮಲಗುವ ಕೋಣೆಯಲ್ಲಿ ಕೆಂಡ ಬೇಡ. ಗ್ಯಾಸ್ ಗೀಸರ್ ಬಚ್ಚಲಿನ ಹೊರಗಿರಲಿ. ಒಲೆಯ ಜ್ವಾಲೆ ನೀಲಿ ಇರಬೇಕು, ಹಳದಿಯಾಗಿ ಪಾತ್ರೆಗೆ ಮಸಿ ಹತ್ತುತ್ತಿದ್ದರೆ ಅನಿಲ ಪೂರ್ತಿ ಉರಿಯುತ್ತಿಲ್ಲ ಎಂದರ್ಥ, ಬರ್ನರ್ ಸ್ವಚ್ಛ ಮಾಡಿಸಿ. ಒಳಗಿದ್ದವರಿಗೆಲ್ಲ ಒಟ್ಟಿಗೆ ತಲೆನೋವು ಬಂದರೆ ಬಾಗಿಲು, ಕಿಟಕಿ ತೆರೆದು ಎಲ್ಲರೂ ಹೊರಗೆ ಬನ್ನಿ, 108ಕ್ಕೆ ಕರೆ ಮಾಡಿ.

ಕೊನೆಯ ದಿನಗಳು

1789ರಲ್ಲಿ ಫ್ರಾನ್ಸ್‌ನಲ್ಲಿ ಕ್ರಾಂತಿ ಆಯಿತು. ಲೆವಾಸಿಯೆ ಸುಧಾರಣೆಯ ಪರವೇ ಇದ್ದರು. ಮೀಟರ್, ಕಿಲೋಗ್ರಾಂ ಪದ್ಧತಿ ರೂಪಿಸುವ ಕೆಲಸದಲ್ಲೂ ಇದ್ದರು. ಆದರೆ ಜನ ಮರೆಯದ ವಿಷಯಗಳಿದ್ದವು. ತೆರಿಗೆ ತಪ್ಪಿಸುವವರನ್ನು ತಡೆಯಲು ಪ್ಯಾರಿಸ್ ಸುತ್ತ ಗೋಡೆ ಕಟ್ಟಿಸುವ ಯೋಜನೆಯ ಹಿಂದೆ ಅವರಿದ್ದರು. ಮರಾ ಎಂಬ ಕ್ರಾಂತಿಕಾರಿ ಪತ್ರಕರ್ತರ ವಿಜ್ಞಾನ ಬರಹಗಳನ್ನು ಹಿಂದೆ ಅಕಾಡೆಮಿ ಒಪ್ಪಿರಲಿಲ್ಲ. ಮರಾ ತಮ್ಮ ಪತ್ರಿಕೆಯಲ್ಲಿ ಲೆವಾಸಿಯೆ ಮೇಲೆ ಕಟುವಾಗಿ ಬರೆದರು.

1793ರ ನವೆಂಬರಿನಲ್ಲಿ ಎಲ್ಲ ತೆರಿಗೆ ಗುತ್ತಿಗೆದಾರರನ್ನು ಬಂಧಿಸಲು ಆದೇಶವಾಯಿತು. ಲೆವಾಸಿಯೆ ತಾವಾಗಿಯೇ ಶರಣಾದರು. 1794ರ ಮೇ 8ರಂದು ವಿಚಾರಣೆ ನಡೆಸಿ, ಅದೇ ದಿನ 28 ಗುತ್ತಿಗೆದಾರರ ತಲೆ ಕಡಿದರು. ಅವರಲ್ಲಿ ಲೆವಾಸಿಯೆ ಒಬ್ಬರು, ಮಾವ ಪೋಲ್ಜ್ ಇನ್ನೊಬ್ಬರು. ಮರಿ ಆನ್ ಒಂದೇ ದಿನ ತಂದೆಯನ್ನೂ ಗಂಡನನ್ನೂ ಕಳೆದುಕೊಂಡರು. ಲೆವಾಸಿಯೆಗೆ ಆಗ 50 ವರ್ಷ. ಮುಂದೆ ಸರ್ಕಾರ ಜಪ್ತಿ ಮಾಡಿದ್ದ ವಸ್ತುಗಳನ್ನು ಹಿಂದಿರುಗಿಸಿತು. ಪತಿಯ ಬರಹಗಳನ್ನು ಒಟ್ಟುಮಾಡಿ ಪ್ರಕಟಿಸಿದವರು ಮರಿ ಆನ್.

ಆ ಫಾರ್ವರ್ಡ್ ನಿಜವೇ?

ತಲೆ ಕಡಿದ ಮೇಲೆ ಎಷ್ಟು ಸಲ ಕಣ್ಣು ಮಿಟುಕಿಸಬಲ್ಲೆ ಎಂದು ಪರೀಕ್ಷಿಸಲು ಲೆವಾಸಿಯೆ ಗೆಳೆಯನನ್ನು ನಿಲ್ಲಿಸಿದ್ದರು ಎಂಬ ಕಥೆಗೆ ಆ ಕಾಲದ ಯಾವ ದಾಖಲೆಯೂ ಇಲ್ಲ. ಒಬ್ಬರ ನಂತರ ಒಬ್ಬರಂತೆ 28 ಮಂದಿಯನ್ನು ಕೊಂದ ಜಾಗದಲ್ಲಿ ಅಂಥ ಪ್ರಯೋಗಕ್ಕೆ ಯಾರೂ ಅವಕಾಶ ಕೊಡುತ್ತಿರಲಿಲ್ಲ. ಗಣರಾಜ್ಯಕ್ಕೆ ವಿಜ್ಞಾನಿಗಳು ಬೇಕಿಲ್ಲ ಎಂದು ನ್ಯಾಯಾಧೀಶರು ಹೇಳಿದರು ಎಂಬುದೂ ವಿಚಾರಣೆಯ ದಾಖಲೆಯಲ್ಲಿ ಇಲ್ಲ, ನಂತರ ಹುಟ್ಟಿದ ಕಥೆ. ಇನ್ನೊಂದು ವಿಷಯ ಮಾತ್ರ ನಿಜ. 1900ರಲ್ಲಿ ಪ್ಯಾರಿಸ್‌ನಲ್ಲಿ ನಿಲ್ಲಿಸಿದ ಅವರ ಪ್ರತಿಮೆಗೆ ಬೇರೊಬ್ಬ ವಿದ್ವಾಂಸರ ಮುಖದ ಮಾದರಿ ಬಳಸಲಾಗಿತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಅದನ್ನು ಕರಗಿಸಿಬಿಟ್ಟರು.

ನಮ್ಮ ತೀರ್ಮಾನ

ಕಣ್ಣು ಮಿಟುಕಿಸಿದ ಕಥೆ ಸುಳ್ಳು, ಅದನ್ನು ಹಂಚಬೇಡಿ. ಸುಟ್ಟದ್ದು ಇಲ್ಲವಾಗುತ್ತದೆ ಎಂಬುದೂ ಸುಳ್ಳು. ಸುಟ್ಟ ಪ್ಲಾಸ್ಟಿಕ್, ಸುಟ್ಟ ರವದಿ, ಉರಿದ ಗ್ಯಾಸ್, ಎಲ್ಲವೂ ನಾವು ಉಸಿರಾಡುವ ಗಾಳಿಯಲ್ಲೇ ಇರುತ್ತವೆ. ನಿಮ್ಮ ಮನೆಯ ಹತ್ತನೇ ತರಗತಿಯ ಮಗುವಿಗೆ ಇಂದು ಒಂದು ಲೆಕ್ಕ ಕೊಡಿ. ನಮ್ಮ ದೇಹ ಸಕ್ಕರೆಯನ್ನು ಬಳಸುವ ಕ್ರಿಯೆ ಇದು:

ಸಿ₆ಎಚ್₁₂ಒ₆ + ಒ₂ → ಸಿಒ₂ + ಎಚ್₂ಒ

ಉತ್ತರ: ಆಕ್ಸಿಜನ್, ಕಾರ್ಬನ್ ಡೈಆಕ್ಸೈಡ್, ನೀರು ಮೂರರ ಮುಂದೆಯೂ 6. ಸಕ್ಕರೆಯ ಒಳಗೇ 6 ಆಕ್ಸಿಜನ್ ಇವೆ ಎಂಬುದನ್ನು ಮರೆಯದೆ ಎಣಿಸಿದರೆ ಎರಡೂ ಕಡೆ 18 ಬರುತ್ತದೆ. ಲೆಕ್ಕ ಸರಿಬಂದರೆ, ಚಳಿಗಾಲ ಬರುವ ಮೊದಲು ಕೆಂಡ ಮತ್ತು ಗೀಸರ್ ಬಗೆಗಿನ ಎಚ್ಚರಿಕೆಯನ್ನು ಮನೆಯ ಗ್ರೂಪ್‌ಗೆ ಕಳುಹಿಸಿ.